ಒಂಚೂರು ಸಹಾಯ

ಸಾನ್ ಲೊರೆನ್ಸೊ, ವಹಾಕಾ
ನವೆಂಬರ್ ೧೪, ೧೯೯೬

ಕೊಮಾದ್ರೆ ಹ್ಯಾರಿಯೆಟ್‌ಗೆ,

ಎಲ್ಪಿಡಿಯಾ ಮಾಡುವ ನಮಸ್ಕಾರ. ನಾವು ಕ್ಷೇಮ ಎಂದು ಹೇಳಲು ಮನಸ್ಸು ಬರುವುದಿಲ್ಲ. ನಿನ್ನ ಮೂರು ಕಾಗದಕ್ಕೂ ಉತ್ತರಿಸಲಿಲ್ಲ, ತಪ್ಪು ನನ್ನದೇ. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಜ್ಞಾನಸ್ನಾನದ ದಿನ ನನ್ನ ಮಗಳನ್ನು ಎತ್ತಿಕೊಂಡು ನಿಂತು ಅವಳಿಗೆ ಜ್ಞಾನತಾಯಿ, ನನಗೆ ಕೊಮಾದ್ರೆಯಾದವಳು ನೀನು, ಆದ್ದರಿಂದ ಬೈಯುವ ಹಕ್ಕಾದರೂ ನನಗಿದೆ. ಈಗ ನಾನು ಹೇಳುತ್ತಿರುವುದನ್ನು ಬರೆದುಕೊಳ್ಳುತ್ತಿರುವವಳೂ ಆ ಮಗಳು ಓತಿಲಿಯಾಳೇ. ಬೈಗುಳ ಬಂದಲ್ಲೆಲ್ಲ ಬಿಟ್ಟು ಬರೆಯುತ್ತಿದ್ದಾಳೋ ಏನೋ.

ನನ್ನ ಗಂಡ ಫಾಕುಂದೊ ಫೆಬ್ರವರಿಯಲ್ಲಿ ತೀರಿಕೊಂಡ. ಈಸ್ಟರ್ ಮುಗಿದ ಮೇಲೆ, ಮಡಕೆಗೆ ಮಣ್ಣು ತೆಗೆಯುವ ನಮ್ಮ ಗುಂಡಿ ಇನ್ನು ಯಾರದ್ದು ಎಂದು ತೀರ್ಮಾನಿಸಲು ಊರಿನ ಸಭೆ ಸೇರಿತು. ಕಟ್ಟಳೆ ನಿನಗೇ ಗೊತ್ತು: ವಿಧವೆಯೇ ಮಡಕೆ ಮಾಡುವವಳಾಗಿದ್ದರೆ ಗುಂಡಿ ಅವಳಿಗೆ, ಬರೀ ಕೈಜೋಡಿಸುತ್ತಿದ್ದವಳಾದರೆ ಗಂಡನ ತಮ್ಮನಿಗೆ. ನನಗೇನು ಭಯ? ಮೂವತ್ತು ವರ್ಷ ಮಣ್ಣು ತುಳಿದು ಹಿಮ್ಮಡಿ ಒಡೆದುಕೊಂಡವಳು ನಾನು. ಫಾಕುಂದೊ ಕತ್ತೆಯ ಮೇಲೆ ಸೌದೆ ತರುತ್ತಿದ್ದ ಅಷ್ಟೇ. ನಿಜ ಹೇಳಬೇಕೆಂದರೆ ಅವನಿಗಿಂತ ಕತ್ತೆಯೇ ಹೆಚ್ಚು ದುಡಿದಿತ್ತು.

ಮೈದುನ ಗಾಬಿನೊ ಎದ್ದು ನಿಂತ. ಕೈಯಲ್ಲಿ ನಮ್ಮೂರಿನ ಬಗ್ಗೆ ನೀನು ಬರೆದ ಪುಸ್ತಕ! ನೀನೇ ಅಕ್ಕರೆಯಿಂದ ನಮ್ಮ ಶಾಲೆಗೆ ಕೊಟ್ಟಿದ್ದು.

"ಎಂಬತ್ತೆರಡನೇ ಪುಟ, ಕೇಳಿಸ್ಕೊಳ್ರಪ್ಪಾ. 'ನಾನು ಕೆಲ್ಸ ಮಾಡಲ್ಲ, ಗಂಡನಿಗೆ ಒಂಚೂರು ಸಹಾಯ ಮಾಡ್ತೀನಿ.' ಅತ್ತಿಗೆ ಬಾಯಲ್ಲೇ ಬಂದಿರೋ ಮಾತು! ಓದಿರೋ ಅಮ್ಮ ಬರ್ದಿದ್ದು ಸುಳ್ಳಾಗತ್ತಾ?"

ಅದರಲ್ಲಿ ನನ್ನ ಹೆಸರು ಬದಲಿಸಿದ್ದೆಯಂತೆ, ಮಹರಾಯ್ತಿ. ಎಡಗೆನ್ನೆಯ ಮೇಲೆ ಸುಟ್ಟ ಕಲೆಯಿರುವ ಕುಂಬಾರ್ತಿಯರು ಈ ಊರಲ್ಲಿ ಎಷ್ಟು ಜನ?

"ಲೋ ಮುಂಡೇದೇ, ನಿನ್ನ ಮದ್ವೆ ಅಡುಗೆಗೆ ಮಡಕೆ ಮಾಡಿದ್ದು ಯಾರೋ?" ಎಂದೆ. ಗಂಡಸರೆಲ್ಲ ನಕ್ಕರು. ನಗುತ್ತಲೇ ಅವನ ಪರವಾಗಿ ಕೈ ಎತ್ತಿದರು.

ಹೌದು, ಆ ಮಾತು ನಾನೇ ಆಡಿದ್ದು. ಇಲ್ಲಿನ ಹೆಂಗಸರೆಲ್ಲ ಹಾಗೇ ಹೇಳುತ್ತೇವೆ. ಗಂಡನಿಗೆ ಕೇಳಿಸುವಂತೆ "ನಾನು ದುಡೀತೀನಿ" ಎಂದರೆ ಅವನನ್ನು ಸೋಮಾರಿ ಎಂದ ಹಾಗೆ. ಈಗ ನನ್ನದೇ ಗುಂಡಿಯ ಮಣ್ಣನ್ನು ಗಾಬಿನೊನ ಅಂಗಳದಲ್ಲಿ ತುಳಿಯುತ್ತೇನೆ. "ಅತ್ತಿಗೆ ಒಂಚೂರು ಸಹಾಯ ಮಾಡ್ತಾಳೆ" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ.

ಇನ್ನೊಂದು ಪುಸ್ತಕಕ್ಕೆ ಬರುತ್ತೇನೆ ಎಂದಿದ್ದೀಯ. ಬರಬೇಡ. ನಿನಗೆ ಚಾಪೆ ಹಾಸುವುದಿಲ್ಲ, ಕುಡಿಯಲು ಚಾಕೊಲೇಟ್ ಕಾಸುವುದಿಲ್ಲ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಇಷ್ಟಾದರೂ ಹೇಳಮ್ಮಾ ಎಂದು ಓತಿಲಿಯಾ ಹಟ ಹಿಡಿದಿದ್ದಾಳೆ.

ಎಲ್ಪಿಡಿಯಾ

ಇನ್ನೊಂದು ಮಾತು: "ನೀನು ಕೆಲ್ಸ ಮಾಡ್ತೀಯಾ?" ಎಂದು ನೀನು ಕೇಳಿದಾಗ ಫಾಕುಂದೊ ಬಾಗಿಲಲ್ಲೇ ಕೂತಿದ್ದ. ಮೂರು ವರ್ಷ ನನ್ನ ಪಕ್ಕದಲ್ಲಿ ಮಣ್ಣು ತುಳಿದವಳು ನೀನು. ಆವತ್ತೂ ನಿನ್ನ ಕೈ ಮೊಣಕೈವರೆಗೆ ನನ್ನ ಮಣ್ಣಿನಲ್ಲಿತ್ತು. ನೀನು ಎದ್ದು ಹೋಗಿ ಕೈ ತೊಳೆದುಕೊಂಡೆ. ಆಮೇಲೆ ನಾನು ಹೇಳಿದ್ದನ್ನು ಬರೆದುಕೊಂಡೆ.