ಕೆರೆಕಟ್ಟೆಯ ದನದ ಡಾಕ್ಟ್ರು

ಕೊಪ್ಪ
೧೨ ಫೆಬ್ರವರಿ ೨೦೦೬

ಪ್ರೀತಿಯ ಎಸ್ತರಕ್ಕನಿಗೆ ತಮ್ಮನ ವಂದನೆಗಳು.

ಕ್ರಿಸ್‌ಮಸ್ಸಿಗೆ ನೀನು ಕಳಿಸಿದ ಸ್ವೆಟರ್ ತಲುಪಿ ಎರಡು ತಿಂಗಳಾಯಿತು. ಉತ್ತರ ಬರೆಯದ್ದಕ್ಕೆ ಬೈಯಬೇಡ. ಮೂವತ್ತೊಂದು ವರ್ಷ ಭಾನುವಾರದ ಆರಾಧನೆಗೆ ಒಂದೊಂದು ಪ್ರಸಂಗ ಬರೆದವನಿಗೆ ಒಂದು ಕಾಗದ ಬರೆಯಲು ಕೈ ಓಡುವುದಿಲ್ಲ ನೋಡು. ತರೀಕೆರೆ, ಮೂಡಿಗೆರೆ, ಸಕಲೇಶಪುರ ಎಂದು ವರ್ಗವಾಗಿ ವರ್ಗವಾಗಿ, ಕೊನೆಗೆ ಹದಿನೆಂಟು ಮನೆಗಳ ಈ ಸಿ.ಎಸ್.ಐ. ಸಭೆಗೆ ಪಾದ್ರಿಯಾದೆ. ಜೂನಿಗೆ ನಿವೃತ್ತಿ. ನನ್ನ ಪ್ರಸಂಗ ಯಾರಿಗೂ ನೆನಪಿಲ್ಲ. ಆದರೆ ಹೋದ ವಾರದಿಂದ ನಾನು ಪ್ರಸಿದ್ಧ.

ಕೆರೆಕಟ್ಟೆಯಲ್ಲಿ ನಮ್ಮ ಸಭೆಯ ಮುದುಕಿ ಮಾರ್ಥಮ್ಮ ಹಾಸಿಗೆ ಹಿಡಿದಿದ್ದಾರೆ. ಅವರಿಗೆ ಪ್ರಭುಭೋಜನ ಕೊಡಲು ಬಿಳಿ ನಿಲುವಂಗಿ ತೊಟ್ಟು, ಬಟ್ಟಲು, ರೊಟ್ಟಿ, ದ್ರಾಕ್ಷಾರಸದ ಸೀಸೆ ಇಟ್ಟ ಚರ್ಮದ ಚೀಲ ಹಿಡಿದು ಬಸ್ಸಿಳಿದೆ. ಸುಬ್ಬಯ್ಯ ಎಂಬ ರೈತರು ಚೀಲ ಕಸಿದುಕೊಂಡು ನಡೆದೇಬಿಟ್ಟರು.

"ಬೆಳಿಗ್ಗೆಯಿಂದ ಕಾಯ್ತಾ ಇದೀವಿ ಮಾರಾಯ್ರೆ. ಕರು ಅಡ್ಡ ಸಿಕ್ಕಿದೆ."

"ನಾನು ಡಾಕ್ಟ್ರಲ್ಲ, ಚರ್ಚಿನ ಅಯ್ಯ," ಎನ್ನುತ್ತ ಹಿಂದೆ ಓಡಿದೆ.

ಕೊಟ್ಟಿಗೆಯ ಬಾಗಿಲಲ್ಲಿ ಅವರ ಹೆಂಡತಿ ತುಂಗಮ್ಮ, "ಎಂತಾದ್ರೂ ಆಗಿರಿ. ಕೈ ಇದೆಯಲ್ಲ, ಒಳಗೆ ಬನ್ನಿ," ಎಂದರು.

ನಿಲುವಂಗಿ ಕಳಚಿ ಮೊಣಕೈವರೆಗೆ ಎಣ್ಣೆ ಹಚ್ಚಿಕೊಂಡೆ. ಕರುವಿನ ಮಡಚಿದ ಕಾಲನ್ನು ನಮ್ಮ ಕೊಟ್ಟಿಗೆಯಲ್ಲಿ ಅಪ್ಪ ಒಳಗೇ ನೇರ ಮಾಡುತ್ತಿದ್ದರಲ್ಲ, ಹಾಗೇ ಮಾಡಿದೆ. ದನ ನನ್ನ ಕಾಲಿನ ಹೆಬ್ಬೆರಳು ತುಳಿಯಿತು. ಅಷ್ಟರಲ್ಲಿ ತುಂಗಮ್ಮ ಚೀಲ ಬಿಚ್ಚಿ, "ಈ ಕೆಂಪು ಔಷಧಿ ದನಕ್ಕೋ, ಕರುವಿಗೋ?" ಎಂದು ಕೇಳಿದರು. "ಅದು ಮಾರ್ಥಮ್ಮನಿಗೆ" ಎಂದೆ. ಅರ್ಧ ಗಂಟೆ ಎಳೆದಾಡಿದ ಮೇಲೆ ಕರು ನನ್ನ ಮಡಿಲಿಗೇ ಬಿತ್ತು.

ತೊಳೆದಷ್ಟು ತೊಳೆದುಕೊಂಡು ಮಾರ್ಥಮ್ಮನ ಮನೆಗೆ ಹೋದರೆ ಅವರು ಮೂಗರಳಿಸಿ, "ಅಯ್ಯನವರು ನೇರ ಬೆತ್ಲೆಹೇಮಿನ ಗೋದಲಿಯಿಂದಲೇ ಬಂದ ಹಾಗಿದೆ," ಎಂದರು.

ಈಗ ದಿನಾ ಫೋನು. ಶೃಂಗೇರಿ ಕಡೆಯ ರೇಣುಕಪ್ಪ ನಿನ್ನೆ, "ಎಮ್ಮೆ ಮೇವು ಮುಟ್ತಿಲ್ಲ, ಫಾದರ್ ಡಾಕ್ಟ್ರು ಇದಾರಾ?" ಎಂದು ವಿಚಾರಿಸಿದರು.

ನಿನ್ನ ಮೊಣಕಾಲಿಗೆ ಬಲವೂ ಮನೆಗೆ ನಗುವೂ ಇರಲಿ.

ನಿನ್ನ ತಮ್ಮ,
ಜಯಶೀಲ

ವಿ.ಸೂ.: ಭಾವನಿಗೆ ಓದಿ ಹೇಳುವಾಗ ಇದನ್ನು ಬಿಡು. ವಿಮಲಾ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನ, ಹೆಂಡತಿಯನ್ನು ಉಳಿಸು ಎಂದು ದೇವರನ್ನು ಬಾಯಿ ಒಣಗುವಷ್ಟು ಬೇಡಿದ್ದೆ. ಅವಳು ಹೋದ ಮೇಲೆ ಎರಡು ವರ್ಷ ಪುಸ್ತಕದ ಪ್ರಾರ್ಥನೆ ಓದಿದ್ದೇನೆ ಅಷ್ಟೆ. ನನ್ನದೆಂದು ಒಂದು ಮಾತೂ ದೇವರಿಗೆ ಹೇಳಿಲ್ಲ. ಸಭೆಗೆ ಗೊತ್ತಿಲ್ಲ. ಆವತ್ತು ಕರು ಉಸಿರಾಡದೆ ಬಿದ್ದಿದ್ದಾಗ, "ಇದನ್ನಾದರೂ ಉಳಿಸು" ಎಂದು ಬಾಯಿಂದ ಬಂದುಬಿಟ್ಟಿತು. ಉಳಿಸಿದ, ಕರು ಉಸಿರಾಡಿತು. ಅವಳನ್ನೇಕೆ ಉಳಿಸಲಿಲ್ಲ ಎಂದು ಅಂದಿನಿಂದ ದಿನಾ ಕೇಳುತ್ತಿದ್ದೇನೆ. ಜಗಳವೇ ಅಕ್ಕ. ಆದರೂ ಮಾತು ಶುರುವಾಗಿದೆ.