ಹೊಸಿಲು ದಾಟಿದ ಹಿಮಸಾರಂಗ

ಮಲ್ಲೇಶ್ವರ, ಹನ್ನೊಂದನೇ ಕ್ರಾಸ್
೧೮ ಫೆಬ್ರವರಿ ೨೦೦೪

ಮಧುರಾ ಮಗಳೇ,

ಅಮ್ಮನ ಆಶೀರ್ವಾದ, ಜೊತೆಗೊಂದು ತಪ್ಪೊಪ್ಪಿಗೆ. ನೀನು ಪಾಠ ಮಾಡುವ ಆ ಉತ್ತರದ ಹಿಮದೂರಿನ ಮಾರ್ತಜ್ಜಿ ಇಲ್ಲಿನ ಕರಕುಶಲ ಮೇಳ ಮುಗಿಸಿ ನಾಲ್ಕು ದಿನ ನಮ್ಮ ಮನೆಯಲ್ಲಿದ್ದರು. ಈಗ ಒಳಗೆ ಪೆಟ್ಟಿಗೆ ಕಟ್ಟುತ್ತಿದ್ದಾರೆ. ಕಾಗದವನ್ನು ಅವರ ಕೈಯಲ್ಲೇ ಕಳಿಸುತ್ತೇನೆ.

ಹೋದ ವರ್ಷ ಅವರು ನನಗೆಂದು ಹೊಲಿದು ಕಳಿಸಿದ್ದರಲ್ಲ, ಮಣಿಯ ಹೂವಿದ್ದ ಹಿಮಸಾರಂಗದ ಚರ್ಮದ ಪಾದರಕ್ಷೆ? ನೀನು ಫೋನಿನಲ್ಲಿ ಕೇಳಿದಾಗಲೆಲ್ಲ ದಿನಾ ಮನೆಯೊಳಗೆ ಹಾಕ್ಕೋತೀನಿ ಎಂದದ್ದು ಶುದ್ಧ ಸುಳ್ಳು. ಚರ್ಮ ಒಳಗೆ ಬರಬಾರದು ಎಂದು ಹೊರಗಿನ ಚಪ್ಪಲಿ ಸ್ಟ್ಯಾಂಡಿನಲ್ಲಿ, ನನ್ನ ಹವಾಯಿ ಚಪ್ಪಲಿಯ ಕೆಳಗೆ ಇಟ್ಟುಬಿಟ್ಟಿದ್ದೆ.

ನಿನ್ನನ್ನು ಆ ಶಾಲೆಯಲ್ಲಿ ಇನ್ನು ಮೂರು ವರ್ಷ ಉಳಿಸಿಕೊಳ್ಳುವುದೋ ಬೇಡವೋ ಎನ್ನುವುದು ಊರ ಹಿರಿಯರ ಕೈಯಲ್ಲಿದೆ, ಅವರಲ್ಲಿ ಮಾರ್ತಜ್ಜಿಯ ಮಾತೇ ಕೊನೆಯ ಮಾತು ಎಂದು ನೀನೇ ನೂರು ಸಲ ಹೇಳಿದ್ದೆ. ಆದರೂ ಅವರು ಬರುವ ದಿನ ಹೋಳಿಗೆಯ ಗಡಿಬಿಡಿಯಲ್ಲಿ ಆ ಪಾದರಕ್ಷೆಯನ್ನು ತೆಗೆದಿಡಲು ಮರೆತೆ. ಆಟೋದಿಂದ ಇಳಿದವರು ಬೂಟು ಬಿಚ್ಚಲು ಬಗ್ಗಿದರು. ತಾವೇ ಹೊಲಿದ ಜೋಡಿ ಕಣ್ಣಿಗೆ ಬಿತ್ತು. ಕುತ್ತಿಗೆಯ ವಸ್ತ್ರದಿಂದ ಧೂಳು ಒರೆಸಿ, ಅದನ್ನು ಇದ್ದ ಕಡೆಯೇ ಇಟ್ಟು ಒಳಗೆ ಬಂದರು. ಬೈದಿದ್ದರೆ ವಾಸಿಯಿತ್ತು. ನನ್ನ ಕೈಯಾರೆ ನಿನ್ನ ಕೆಲಸ ಕಳೆದೆ ಎಂದುಕೊಂಡೆ.

ಮೂರನೆಯ ಬೆಳಿಗ್ಗೆ ನಾನು ಪೂಜೆ ಮಾಡುವಾಗ ದೇವರಮನೆಯ ಬಾಗಿಲಲ್ಲಿ ನಿಂತರು. ಗೂಟಕ್ಕೆ ತೂಗುಹಾಕಿದ್ದ ನಿನ್ನ ತಾತನ ಕೃಷ್ಣಾಜಿನದ ಕಡೆ ಗದ್ದ ತೋರಿಸಿ, ಅದೇನು ಎಂದು ಕೇಳಿದರು. ಜಪಕ್ಕೆ ಹಾಸುತ್ತಿದ್ದ ಜಿಂಕೆ ಚರ್ಮ, ಬಲು ಮಡಿ ಎಂದೆ. ಆ ಜಿಂಕೆಗೆ ಯಾರಾದರೂ ಕೃತಜ್ಞತೆ ಹೇಳಿದ್ದರೇ ಎಂದರು. ನನಗೇನು ಗೊತ್ತು?

ಅವರ ಮಗ ಬೇಟೆಯಾಡಿದರೆ, ಚಾಕು ಇಡುವ ಮೊದಲು ಹಿಮದ ಮೇಲೆ ಚೂರು ಹೊಗೆಸೊಪ್ಪು ಇಟ್ಟು ಕೈಮುಗಿಯುತ್ತಾನಂತೆ. ಮಾಂಸ ಮನೆಮನೆಗೂ ಹಂಚುತ್ತಾರಂತೆ. ಚರ್ಮ ಹೆರೆದು, ಹೊಗೆ ಕೊಟ್ಟು ಹದ ಮಾಡಲು ವಾರಗಟ್ಟಲೆ ಬೇಕು. ಒಂದು ಚೂರು ದಂಡ ಮಾಡಿದರೂ ನೆಲಕ್ಕೆ ಅವಮಾನ, ಪ್ರಾಣಿ ಮತ್ತೆ ಆ ಕಡೆ ಸುಳಿಯುವುದಿಲ್ಲ. ಇಷ್ಟು ಹೇಳಿ, ಹಿಮಸಾರಂಗವೂ ಜಿಂಕೆಯ ನೆಂಟನೇ ಅಲ್ಲವೇ ಎಂದು ಮೆಲ್ಲಗೆ ಸೇರಿಸಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳು ನಾನು! ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು.

ನಾವೂ ಬೆಳಿಗ್ಗೆ ಕಾಲೂರುವ ಮೊದಲು ಭೂಮಿಯನ್ನು ಮುಟ್ಟಿ ಕ್ಷಮೆ ಕೇಳುತ್ತೇವೆ ಎಂದೆ. ತೋರಿಸು ಎಂದರು. ಇಬ್ಬರೂ ಕುಕ್ಕರುಗಾಲಲ್ಲಿ ಕೂತು ನೆಲ ಮುಟ್ಟಿದೆವು. ಏಳಲು ಮಾತ್ರ ಇಬ್ಬರಿಗೂ ಬಾಗಿಲವಾಡವೇ ಗತಿ. ನಕ್ಕೂ ನಕ್ಕೂ ಸಾಕಾಯಿತು. ಆಮೇಲೆ ನಾನೇ ಹೊರಗೆ ಹೋಗಿ ಪಾದರಕ್ಷೆ ತಂದು, ಮೆಟ್ಟಿಕೊಂಡು, ಬಲಗಾಲಿಟ್ಟು ಹೊಸಿಲು ದಾಟಿದೆ. ಎಷ್ಟು ಮೆತ್ತಗಿದೆ ಗೊತ್ತೇನೇ!

ಸರಿಯಾಗಿ ಆಗಲೇ ನಿನ್ನ ಚೂಡಾಮಣಿ ಅತ್ತೆ ಬರಬೇಕೆ? “ಏನೇ ರಂಗು, ನಡುಮನೇಲಿ ಚಪ್ಪಲಿ ಹಾಕ್ಕೊಂಡು ಓಡಾಡ್ತಿದೀಯಾ?” ಎಂದು ಕೂಗಿದರು. “ಚಪ್ಪಲಿ ಅಲ್ಲ ಅತ್ತಿಗೆ, ನಮ್ಮ ಕೃಷ್ಣಾಜಿನದ ತಂಗಿ” ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು, ಬಗ್ಗಿ ಮಣಿಯ ಹೂವನ್ನು ನೋಡಿದರು. ಸಂಜೆಯ ಹೊತ್ತಿಗೆ ನನ್ನದನ್ನೇ ಹಾಕಿ ನೋಡಿದರು, ಕಾಲಿಗೆ ಬಿಗಿಯಾಯಿತು. ಪೇಪರಿನ ಮೇಲೆ ಪಾದವಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆಸಿಕೊಂಡು, ಅಳತೆಯನ್ನು ಮಾರ್ತಜ್ಜಿಯ ಕೈಗೇ ಕೊಟ್ಟಿದ್ದಾರೆ. ಹೂವು ಕೆಂಪು ಬಣ್ಣದ್ದೇ ಆಗಬೇಕಂತೆ.

ಅಜ್ಜಿಗೆ ನಮ್ಮ ಚಟ್ನಿಪುಡಿ ತುಂಬಾ ಹಿಡಿಸಿತು. ಎರಡು ಡಬ್ಬಿ ಕಟ್ಟಿದ್ದೇನೆ, ಒಂದು ನಿನಗೆ.

ಹೆಮ್ಮೆಯಿಂದ,
ನಿನ್ನ ಅಮ್ಮ ರಂಗನಾಯಕಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ನನ್ನ ಮಗಳನ್ನು ವಾಪಸು ಕಳಿಸಿಬಿಡಿ ಎಂದು ಕೇಳಿಕೊಳ್ಳಲೆಂದೇ ಅವರನ್ನು ಮನೆಗೆ ಕರೆದಿದ್ದೆ. ಇವತ್ತು ಕಾಫಿ ಕೊಡುವಾಗ ಬಾಯಿ ತೆರೆದರೆ, ಅವಳನ್ನು ದಯವಿಟ್ಟು ಉಳಿಸಿಕೊಳ್ಳಿ ಎಂಬ ಮಾತು ಬಂತು. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ನೀನು ಬೇಕೆಂದು ಊರು ಹೋದ ತಿಂಗಳೇ ತೀರ್ಮಾನಿಸಿತ್ತಂತೆ. ಆದರೆ ಒಬ್ಬ ತಾಯಿಯ ಮಗಳನ್ನು ಆ ತಾಯಿಯನ್ನು ಕೇಳದೆ ಉಳಿಸಿಕೊಳ್ಳುವುದು ತಮ್ಮಲ್ಲಿಲ್ಲ, ಮೇಳ ಬರೀ ನೆಪ, ಕೇಳಲೆಂದೇ ಇಷ್ಟು ದೂರ ಬಂದೆ ಎಂದರು.