ಮೀನಿಲ್ಲದ ಮೀನಿನ ಮಸಾಲೆ

ತಂಗಿ ಜಲಜಾಕ್ಷಿಗೆ ಅಬುಧಾಬಿಯಿಂದ ಅಕ್ಕ.

ಫೋನಿನಲ್ಲಿ ಹೇಳಿದರೆ ನೀನು ಅರ್ಧದಲ್ಲೇ ಬೈಯಲು ಶುರು ಮಾಡುತ್ತೀ, ಅದಕ್ಕೇ ಈ ಕಾರ್ಡು. ಚಿತ್ರದಲ್ಲಿರುವ ಒಂಟೆಯನ್ನು ನಾನಿನ್ನೂ ನೋಡಿಲ್ಲ.

ನೀನು ಕಟ್ಟಿಕೊಟ್ಟ ಒಣಮೀನನ್ನು ನನ್ನ ಮಗಳು ಅಕ್ಷಿತಾ ಮುಟ್ಟಲಿಲ್ಲ. ಅವಳೀಗ ವೀಗನ್ ಅಂತೆ. ಮೀನು, ಮೊಟ್ಟೆ ಹಾಗಿರಲಿ, ಹಾಲು ತುಪ್ಪವೂ ಆಗದು. ಮೀನು ಮಾರುವ ಮನೆಯ ಹುಡುಗಿ ಏನು ತಿಂದು ಬದುಕುತ್ತಾಳೆಂದು ನನಗೇ ಊಟ ಸೇರಲಿಲ್ಲ. ಆಮೇಲೆ ಕೆಳಗಿನ ಮಲಯಾಳಿ ಅಂಗಡಿಯಲ್ಲಿ ಹಲಸಿನ ಜಾತಿಯ ನಮ್ಮ ಜೀಗುಜ್ಜೆಕಾಯಿ ಸಿಕ್ಕಿತು. ಹೋಳು ಮಾಡಿ, ಒಣಮೀನಿನ ಜೊತೆ ನೀನು ಕಟ್ಟಿಕೊಟ್ಟಿದ್ದ ಮೀನಿನ ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿಯಲ್ಲಿ ಕಾಯಿಸಿದೆ. ಪರಿಮಳಕ್ಕೆ ಪಕ್ಕದ ಫ್ಲಾಟಿನ ಮೆಟಿಲ್ಡಾ ಬಾಗಿಲು ತಟ್ಟಿ, "ಎಂಥ ಮೀನು ಆಂಟಿ, ಅಂಜಲಾ?" ಎಂದಳು. ಮೊಮ್ಮಗ "ನೋ ಬೋನ್ಸ್, ಅಜ್ಜಿ!" ಎಂದು ತಟ್ಟೆ ಖಾಲಿ ಮಾಡಿದ. ಅಕ್ಷಿತಾ ಬೆರಳು ನೆಕ್ಕುತ್ತಾ, "ಇದು ಜಲಜ ಚಿಕ್ಕಮ್ಮನ ಮಸಾಲೆ ಅಲ್ವಾ ಅಮ್ಮ?" ಎಂದು ಕೇಳಿದಳು. ಕಣ್ಣಲ್ಲಿ ನೀರಿತ್ತು. ಖಾರಕ್ಕೆ ಅಂತೆ.

ಈಗ ನೀರುದೋಸೆಗೆ ಕಾಯಿಹಾಲು, ಚಹಾಕ್ಕೆ ಓಟ್ಸಿನ ಹಾಲು. ಮೊದಲ ಸಲ ಉಗುಳಿದೆ, ಈಗ ನನಗೂ ಅದೇ ಬೇಕು. ಮಂಡಿನೋವು ಕಡಿಮೆ ಉಂಟು, ಶುಗರಿನ ಮಾತ್ರೆ ತಪ್ಪಿಸಿಲ್ಲ.

ಒಣಮೀನು ಮೆಟಿಲ್ಡಾಳ ಮನೆ ಸೇರಿತು, ಬೈಯಬೇಡ. ಅಳಿಯನ ತಮ್ಮ ರೋಷನ್ ಮುಂದಿನ ತಿಂಗಳು ಊರಿನಿಂದ ಬರುವಾಗ ಅವನ ಕೈಯಲ್ಲಿ ಮೀನು ಬೇಡ, ಮಸಾಲೆ ಪುಡಿ ಕಳಿಸು. ಜಾಗ ಮುಗಿಯಿತು. ಪೊಟ್ಟಣದ ಮೇಲೆ ಅಕ್ಷಿತಾಳ ಹೆಸರನ್ನು ನೀನೇ ಬರೆ.

ವಾರಿಜಕ್ಕ